ಡಾನ್ ರೆವಿ ಮಹಾನ್ ಮ್ಯಾನೇಜರ್‌ಗಳ ಸಾಲಿಗೆ ಸೇರುತ್ತಾರೆಯೇ? ಪರ–ವಿರೋಧ

ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾಟ್ ಬಸ್ಬಿ, ಲಿವರ್‌ಪೂಲ್‌ನ ಬಿಲ್ ಶ್ಯಾಂಕ್ಲಿ, ಸೆಲ್ಟಿಕ್‌ನ ಜಾಕ್ ಸ್ಟೀನ್. ಬ್ರಿಟನ್ನಿನ ಫುಟ್‌ಬಾಲ್ ಕ್ಲಬ್ಬುಗಳನ್ನು ಕಟ್ಟಿದವರ ಮಾತು ಬಂದಾಗ ಈ ಮೂರು ಹೆಸರುಗಳ ಬಗ್ಗೆ ತಕರಾರು ಇರುವುದಿಲ್ಲ. ನಾಲ್ಕನೆಯದಾಗಿ ಡಾನ್ ರೆವಿ ಎಂದರೆ ಮಾತು ಎರಡು ಹೋಳಾಗುತ್ತದೆ. 1950ರ ದಶಕದಲ್ಲಿ ಆಟಗಾರರಾಗಿ ಇಂಗ್ಲೆಂಡ್ ತಂಡದವರೆಗೂ ಹೋದ ರೆವಿ 1961ರಿಂದ 1974ರವರೆಗೆ ಲೀಡ್ಸ್ ಯುನೈಟೆಡ್ ಕ್ಲಬ್ಬಿನ, ಆಮೇಲೆ 1977ರವರೆಗೆ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿದ್ದರು. ಅಲ್ಲಿ ಮ್ಯಾನೇಜರ್ ಎಂದರೆ ತಂಡದ ಆಯ್ಕೆ, ತರಬೇತಿ, ಆಟಗಾರರ ಖರೀದಿ ಎಲ್ಲಕ್ಕೂ ಹೊಣೆಗಾರ. ಗೆದ್ದರೂ ಸೋತರೂ ಜನ ಹಿಡಿಯುವುದು ಅವರನ್ನೇ. ರೆವಿ ಆ ಮೂವರ ಪಕ್ಕದಲ್ಲಿ ನಿಲ್ಲಬೇಕೇ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಇಲ್ಲಿವೆ.

ಪರ: ಏನೂ ಇಲ್ಲದ ಕಡೆ ಕಟ್ಟಿದವರು

ರೆವಿಯವರನ್ನು ತೂಗುವವರು ಹೆಚ್ಚಾಗಿ ಅವರ ಕೊನೆಯ ವರ್ಷಗಳಿಂದ ಆರಂಭಿಸುತ್ತಾರೆ. ನಾನು 1961ರ ಮಾರ್ಚ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಅಂದು ಲೀಡ್ಸ್ ಯುನೈಟೆಡ್ ಏನಾಗಿತ್ತು ಎಂಬುದು ತಿಳಿಯದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಲೀಡ್ಸ್ ರಗ್ಬಿಯ ಊರು. ಫುಟ್‌ಬಾಲ್ ಕ್ಲಬ್ 1919ರಲ್ಲಿ ಹುಟ್ಟಿದಾಗಿನಿಂದ ಒಂದೇ ಒಂದು ದೊಡ್ಡ ಪ್ರಶಸ್ತಿ ಗೆದ್ದಿರಲಿಲ್ಲ. ಅದರ ಏಕೈಕ ಮಹಾ ಆಟಗಾರ ಜಾನ್ ಚಾರ್ಲ್ಸ್ ಅವರನ್ನು 1957ರಲ್ಲಿ ಇಟಲಿಯ ಯುವೆಂಟಸ್‌ಗೆ ಮಾರಿಯಾಗಿತ್ತು. 1960ರಲ್ಲಿ ತಂಡ ಎರಡನೇ ದರ್ಜೆಗೆ ಇಳಿದಿತ್ತು. ಕೈಯಲ್ಲಿ ಹಣವಿಲ್ಲ, ಮೈದಾನದಲ್ಲಿ ಜನವಿಲ್ಲ.

ಆಗ ರೆವಿ ಅದೇ ತಂಡದಲ್ಲಿ ಆಡುತ್ತಿದ್ದ, ವಯಸ್ಸು ಮೂವತ್ತಮೂರು ದಾಟಿದ ಆಟಗಾರ. ಬೇರೊಂದು ಕ್ಲಬ್ಬಿನ ಮ್ಯಾನೇಜರ್ ಹುದ್ದೆಗೆ ಅವರು ಅರ್ಜಿ ಹಾಕಲು ಹೊರಟಿದ್ದರು. ಅವರ ಪರವಾಗಿ ಶಿಫಾರಸು ಪತ್ರ ಬರೆಯಲು ಕುಳಿತ ಲೀಡ್ಸ್ ನಿರ್ದೇಶಕ ಹ್ಯಾರಿ ರೆನಾಲ್ಡ್ಸ್, ಗುಣಗಳ ಪಟ್ಟಿ ಮಾಡುತ್ತಾ ಹೋದಂತೆ ಇಂಥವರು ನಮಗೇ ಬೇಕಲ್ಲ ಎನ್ನಿಸಿ ಪತ್ರವನ್ನು ಹರಿದುಹಾಕಿದರು ಎಂಬ ಕಥೆ ಲೀಡ್ಸ್‌ನಲ್ಲಿ ಇಂದಿಗೂ ಹೇಳುತ್ತಾರೆ. ಪಟ್ಟ ಸಿಕ್ಕಿದ ಮಾತ್ರಕ್ಕೆ ಪರಿಸ್ಥಿತಿ ಬದಲಾಗಲಿಲ್ಲ. 1962ರ ಋತುವಿನ ಕೊನೆಯ ದಿನ ನ್ಯೂಕ್ಯಾಸಲ್‌ನಲ್ಲಿ 3–0 ಗೆದ್ದ ಮೇಲೆಯೇ ಮೂರನೇ ದರ್ಜೆಗೆ ಬೀಳುವ ಭಯ ತಪ್ಪಿದ್ದು. ಅಲ್ಲಿಂದ ಏಳು ವರ್ಷಕ್ಕೆ ಅದೇ ಕ್ಲಬ್ ಇಂಗ್ಲೆಂಡಿನ ಚಾಂಪಿಯನ್.

ಈ ಏಳು ವರ್ಷ ಹೇಗೆ ನಡೆದವು ಎಂಬುದರಲ್ಲಿ ರೆವಿಯವರ ದೊಡ್ಡತನವಿದೆ. ಅವರು ತಂಡವನ್ನು ಕೊಂಡು ತರಲಿಲ್ಲ, ಹುಡುಗರನ್ನು ಬೆಳೆಸಿದರು. ಸ್ಕಾಟ್ಲೆಂಡಿನಿಂದ ಬಿಲ್ಲಿ ಬ್ರೆಮ್ನರ್, ಪೀಟರ್ ಲಾರಿಮರ್, ಎಡ್ಡಿ ಗ್ರೇ. ವೇಲ್ಸ್‌ನಿಂದ ಗ್ಯಾರಿ ಸ್ಪ್ರೇಕ್. ಉತ್ತರ ಇಂಗ್ಲೆಂಡಿನಿಂದ ನಾರ್ಮನ್ ಹಂಟರ್, ಟೆರಿ ಕೂಪರ್. ಲೀಡ್ಸ್‌ನಲ್ಲೇ ಬೆಳೆದ ಪಾಲ್ ರೀನಿ, ಪಾಲ್ ಮೇಡ್ಲಿ. ಇವರಲ್ಲಿ ಹೆಚ್ಚಿನವರು ಮೀಸೆ ಮೂಡುವ ಮೊದಲೇ ಕ್ಲಬ್ ಸೇರಿದವರು. ಊರಿನ ನೆನಪಿನಿಂದ ಕಂಗಾಲಾಗಿ ವಾಪಸು ಹೊರಟಿದ್ದ ಬ್ರೆಮ್ನರ್ ಅವರನ್ನು ಹಿಡಿದು ನಿಲ್ಲಿಸಿ ಮುಂದೆ ನಾಯಕನನ್ನಾಗಿ ಮಾಡಿದ್ದು ರೆವಿ. ದೊಡ್ಡ ಹಣ ಸುರಿಯದೆ ತಂದ ಇಬ್ಬರು ಹಿರಿಯರು ಈ ಹುಡುಗರಿಗೆ ದಾರಿ ತೋರಿಸಿದರು. 1962ರಲ್ಲಿ ಎವರ್ಟನ್ ಇನ್ನು ಸಾಕೆಂದು ಬಿಟ್ಟುಕೊಟ್ಟ, ಮೂವತ್ತೊಂದು ವರ್ಷದ ಬಾಬಿ ಕಾಲಿನ್ಸ್ 25,000 ಪೌಂಡಿಗೆ ಬಂದರು. ಮೂರು ವರ್ಷಕ್ಕೆ ಅವರು ವರ್ಷದ ಶ್ರೇಷ್ಠ ಫುಟ್‌ಬಾಲ್ ಆಟಗಾರ. 1963ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮಾರಿದ ಜಾನಿ ಜೈಲ್ಸ್ 33,000 ಪೌಂಡಿಗೆ ಸಿಕ್ಕರು. ಮಾರಿದ ಬಸ್ಬಿಯವರಿಗೆ ಅದು ಜೀವಮಾನದ ತಪ್ಪುಗಳಲ್ಲಿ ಒಂದಾಯಿತು.

ಜ್ಯಾಕ್ ಚಾರ್ಲ್ಟನ್ ಅವರ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ರೆವಿ ಮ್ಯಾನೇಜರ್ ಆದಾಗ ಚಾರ್ಲ್ಟನ್ ಇಪ್ಪತ್ತೈದು ವರ್ಷದ, ಸಿಡುಕಿನ, ಶಿಸ್ತಿಲ್ಲದ ಡಿಫೆಂಡರ್. ಜೊತೆಯಲ್ಲಿ ಆಡುತ್ತಿದ್ದಾಗ, ನಾನು ಮ್ಯಾನೇಜರ್ ಆಗಿದ್ದರೆ ನಿನ್ನನ್ನು ಆಡಿಸುತ್ತಿರಲಿಲ್ಲ ಎಂದು ರೆವಿ ಅವರ ಮುಖಕ್ಕೇ ಹೇಳಿದ್ದರು. ಬೇರೆ ಯಾರೇ ಆಗಿದ್ದರೂ ಇಂಥವರನ್ನು ಮಾರಿ ಕೈತೊಳೆದುಕೊಳ್ಳುತ್ತಿದ್ದರು. ರೆವಿ ಅವರನ್ನು ಇಟ್ಟುಕೊಂಡು ತಿದ್ದಿದರು, ನೀನು ಮನಸ್ಸು ಮಾಡಿದರೆ ದೇಶಕ್ಕೆ ಆಡಬಲ್ಲೆ ಎಂದು ನಂಬಿಸಿದರು. ಚಾರ್ಲ್ಟನ್ ಮೊದಲ ಬಾರಿ ಇಂಗ್ಲೆಂಡ್ ಅಂಗಿ ತೊಟ್ಟಾಗ ವಯಸ್ಸು ಮೂವತ್ತರ ಹತ್ತಿರ. ಮರುವರ್ಷವೇ, 1966ರಲ್ಲಿ, ವಿಶ್ವಕಪ್ ಗೆದ್ದ ತಂಡದಲ್ಲಿದ್ದರು.

ಇಷ್ಟು ಆರೈಕೆ ಎಲ್ಲಿಂದ ಬಂತು ಎಂದು ಕೇಳಿದರೆ ರೆವಿಯವರ ಬಾಲ್ಯಕ್ಕೆ ಹೋಗಬೇಕಾಗುತ್ತದೆ. 1927ರಲ್ಲಿ ಮಿಡಲ್ಸ್‌ಬರೋದಲ್ಲಿ ಹುಟ್ಟು. ಅಪ್ಪ ಬಡಗಿ, ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಕೆಲಸ ಸಿಕ್ಕರೆ ಸಿಕ್ಕಿತು. ಬೇರೆಯವರ ಮನೆಯ ಬಟ್ಟೆ ಒಗೆಯುತ್ತಿದ್ದ ಅಮ್ಮ, ಮಗನಿಗೆ ಹನ್ನೆರಡು ವರ್ಷವಿದ್ದಾಗ ತೀರಿಕೊಂಡರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಗಾರೆ ಕೆಲಸ ಕಲಿಯಲು ಸೇರಿದ ಹುಡುಗ 1944ರಲ್ಲಿ ಲೆಸ್ಟರ್ ಸಿಟಿ ಸೇರಿದ. 1946ರಲ್ಲಿ ಕಾಲು ಮೂರು ಕಡೆ ಮುರಿಯಿತು. ಇನ್ನು ಆಟ ಮುಗಿಯಿತು ಎಂದವರ ನಡುವೆಯೇ ಎದ್ದು ನಿಂತು ಆಡಿದರು. 1949ರಲ್ಲಿ ಲೆಸ್ಟರ್ ಎಫ್‌ಎ ಕಪ್ ಎಂಬ ರಾಷ್ಟ್ರೀಯ ಪಂದ್ಯಾವಳಿಯ ಫೈನಲ್ ತಲುಪಿದಾಗ ಮೂಗಿನ ರಕ್ತಸ್ರಾವದಿಂದಾಗಿ ಆಸ್ಪತ್ರೆಯಲ್ಲಿದ್ದರು. ಕೈಗೆ ಬಂದದ್ದು ಯಾವ ಕ್ಷಣದಲ್ಲೂ ಜಾರಿಹೋಗಬಹುದು ಎಂಬುದನ್ನು ಬದುಕೇ ಕಲಿಸಿದ್ದವರು, ತಮ್ಮ ಹುಡುಗರಿಗೆ ಹಾಗಾಗದಿರಲಿ ಎಂದು ದುಡಿದರು. ಪಂದ್ಯಕ್ಕೆ ಮುನ್ನ ಆಟಗಾರರ ಕಾಲುಗಳಿಗೆ ಸಾಬೂನು ಹಚ್ಚಿ, ತಮ್ಮ ಕೈಯಾರೆ ನೀವುತ್ತಿದ್ದರು. ಲೀಗ್ ಗೆದ್ದ ಮ್ಯಾನೇಜರ್ ತೋಳು ಮಡಚಿ, ಬೆವರು ಸುರಿಸಿ, ಮೇಜಿನ ಮೇಲೆ ಮಲಗಿದ ಇಪ್ಪತ್ತು ವರ್ಷದವನ ತೊಡೆ ತಿಕ್ಕುತ್ತಿದ್ದರು ಎಂಬುದನ್ನು ಆಟಗಾರರು ಹೇಳಿದಾಗ ಅವರ ದನಿ ಬದಲಾಗುತ್ತದೆ. ಮೈದಾನದ ಬಟ್ಟೆ ಒಗೆಯುವವರ, ಚಹಾ ಕೊಡುವವರ ಹೆಸರು ಹಿಡಿದು ಮನೆಮಂದಿಯ ಯೋಗಕ್ಷೇಮ ಕೇಳುತ್ತಿದ್ದರು. ಅಮ್ಮನ ಕೆಲಸ ನೆನಪಿದ್ದವರಿಗೆ ಅದು ಸಹಜ.

ರೆವಿ ಬುದ್ಧಿಯಿಂದ ಆಡುತ್ತಿದ್ದವರು ಎಂಬುದನ್ನೂ ಮರೆಯಬಾರದು. 1953ರ ನವೆಂಬರಿನಲ್ಲಿ ಹಂಗೆರಿ ತಂಡ ಲಂಡನ್ನಿನ ವೆಂಬ್ಲಿ ಮೈದಾನಕ್ಕೆ ಬಂದು ಇಂಗ್ಲೆಂಡನ್ನು 6–3ರಿಂದ ಸೋಲಿಸಿತು. ಹಂಗೆರಿಯ ಹಿಡೆಗ್‌ಕುಟಿ ಸೆಂಟರ್ ಫಾರ್ವರ್ಡ್ ಎಂಬ ಹೆಸರಿಗೆ ಮಾತ್ರ ಮುಂದಿದ್ದರು. ಹಿಂದೆ ಸರಿದು ಚೆಂಡು ಪಡೆದು ಆಟ ಹೆಣೆಯುತ್ತಿದ್ದರು, ಅವರನ್ನು ಹಿಂಬಾಲಿಸಬೇಕೋ ಬೇಡವೋ ತಿಳಿಯದೆ ಇಂಗ್ಲೆಂಡಿನ ಡಿಫೆಂಡರ್‌ಗಳು ದಿಕ್ಕೆಟ್ಟರು. ಆ ಪಾಠವನ್ನು ಇಂಗ್ಲಿಷ್ ಕ್ಲಬ್ ಆಟಕ್ಕೆ ತಂದವರಲ್ಲಿ ಮುಖ್ಯರು ಮ್ಯಾಂಚೆಸ್ಟರ್ ಸಿಟಿಯ ರೆವಿ. ಮೊದಲ ಪಂದ್ಯದಲ್ಲೇ 5–0 ಸೋಲು. ಆದರೂ ಪಟ್ಟು ಬಿಡಲಿಲ್ಲ. ಅದನ್ನು ‘ರೆವಿ ಪ್ಲಾನ್’ ಎಂದೇ ಪತ್ರಿಕೆಗಳು ಕರೆದವು. 1955ರಲ್ಲಿ ಅವರು ವರ್ಷದ ಆಟಗಾರ, 1956ರಲ್ಲಿ ಕಪ್ ಗೆದ್ದ ತಂಡದ ಮಿದುಳು. ಇಂಗ್ಲೆಂಡ್ ಬೇರೆ ದೇಶಗಳಿಂದ ಕಲಿಯಬೇಕಾದದ್ದೇನೂ ಇಲ್ಲ ಎಂಬ ಜಂಭದ ಕಾಲದಲ್ಲಿ ಅವರು ಕಲಿಯಲು ಸಿದ್ಧರಿದ್ದರು. ಮ್ಯಾನೇಜರ್ ಆದ ಮೇಲೆ ಲೀಡ್ಸ್‌ನ ನೀಲಿ–ಹಳದಿ ಅಂಗಿ ತೆಗೆದು ರಿಯಲ್ ಮ್ಯಾಡ್ರಿಡ್‌ನಂತೆ ಅಚ್ಚ ಬಿಳಿ ತೊಡಿಸಿದ್ದು ಇದೇ ಮನಸ್ಸು. ಎರಡನೇ ದರ್ಜೆಯ ತಳದಲ್ಲಿ ಇದ್ದವರು ಮ್ಯಾಡ್ರಿಡ್ ಕನಸು ಕಾಣುವುದೇ ಎಂದು ಆಗ ನಕ್ಕವರಿಗೆ ಕಾಲ ಉತ್ತರ ಕೊಟ್ಟಿತು.

ಅಂಕಿ ಬೇಕೆನ್ನುವವರಿಗೆ ಅದೂ ಇದೆ. ಮೊದಲ ದರ್ಜೆಗೆ ಏರಿದ ಮೇಲೆ ರೆವಿ ಇದ್ದ ಹತ್ತು ಋತುಗಳಲ್ಲಿ ಲೀಡ್ಸ್ ನಾಲ್ಕನೇ ಸ್ಥಾನಕ್ಕಿಂತ ಕೆಳಗೆ ಒಮ್ಮೆಯೂ ಇಳಿಯಲಿಲ್ಲ. ಎರಡು ಬಾರಿ ಪ್ರಥಮ, ಐದು ಬಾರಿ ದ್ವಿತೀಯ. 1968ರಲ್ಲಿ ಲೀಗ್ ಕಪ್ ಮತ್ತು ಯುರೋಪಿನ ಫೇರ್ಸ್ ಕಪ್, 1971ರಲ್ಲಿ ಮತ್ತೆ ಫೇರ್ಸ್ ಕಪ್, 1972ರಲ್ಲಿ ಎಫ್‌ಎ ಕಪ್. 1969ರ ಲೀಗ್ ಗೆಲುವು 67 ಅಂಕಗಳ ದಾಖಲೆಯೊಂದಿಗೆ ಬಂತು, ಇಡೀ ಋತುವಿನಲ್ಲಿ ಎರಡೇ ಸೋಲು. ಆ ಪ್ರಶಸ್ತಿ ಖಚಿತವಾದದ್ದು ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ, ಪ್ರಶಸ್ತಿಗಾಗಿ ಪೈಪೋಟಿ ನಡೆಸುತ್ತಿದ್ದ ಎದುರಾಳಿಯ ಮನೆಯಲ್ಲೇ, 0–0 ಡ್ರಾ ಆದಾಗ. ಪಂದ್ಯ ಮುಗಿದ ಮೇಲೆ ರೆವಿ ಬ್ರೆಮ್ನರ್‌ಗೆ ಹೇಳಿ ತಂಡವನ್ನು ಕಾಪ್ ಎಂಬ ಆ ಭಯಂಕರ ಗ್ಯಾಲರಿಯ ಮುಂದೆ ಕಳುಹಿಸಿದರು. ಒಂದು ಕ್ಷಣ ಸುಮ್ಮನಿದ್ದ ಲಿವರ್‌ಪೂಲ್‌ನ ಸಾವಿರಾರು ಜನ ನಂತರ ಲೀಡ್ಸ್ ಆಟಗಾರರನ್ನು ಚಾಂಪಿಯನ್ನರೆಂದು ಕೂಗಿ ಚಪ್ಪಾಳೆ ತಟ್ಟಿದರು. ಕೊಳಕು ಆಟದಿಂದ ಗೆದ್ದವರಿಗೆ ಇಂಥ ಗೌರವ ಎದುರಾಳಿಯ ನೆಲದಲ್ಲಿ ಸಿಗುವುದಿಲ್ಲ.

ಐದು ದ್ವಿತೀಯ ಸ್ಥಾನಗಳ ಬಗ್ಗೆ ಮಾತಾಡುವವರು ಅವು ಹೇಗೆ ಬಂದವು ಎಂಬುದನ್ನೂ ನೋಡಬೇಕು. 1965ರಲ್ಲಿ ಮೇಲಕ್ಕೇರಿದ ಮೊದಲ ವರ್ಷವೇ ಮ್ಯಾಂಚೆಸ್ಟರ್ ಯುನೈಟೆಡ್‌ನಷ್ಟೇ ಅಂಕ, ಗೋಲುಗಳ ಸರಾಸರಿಯಲ್ಲಿ ಮಾತ್ರ ಹಿಂದೆ. 1971ರಲ್ಲಿ ವೆಸ್ಟ್ ಬ್ರಾಮ್ ವಿರುದ್ಧ ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿದ್ದರೂ ರೆಫರಿ ರೇ ಟಿಂಕ್ಲರ್ ಆಟ ಮುಂದುವರಿಸಿದರು. ಲೀಡ್ಸ್ ಆಟಗಾರರು ನಿಂತುಬಿಟ್ಟಿದ್ದರು, ಗೋಲಾಯಿತು. ಆ ಋತುವಿನ ಪ್ರಶಸ್ತಿ ಆರ್ಸೆನಲ್‌ಗೆ ಒಂದೇ ಅಂಕದಿಂದ ಹೋಯಿತು. 1972ರಲ್ಲಿ ಶನಿವಾರ ವೆಂಬ್ಲಿಯಲ್ಲಿ ಕಪ್ ಫೈನಲ್ ಗೆದ್ದ ತಂಡವನ್ನು ಸೋಮವಾರವೇ ವುಲ್ವ್ಸ್ ವಿರುದ್ಧ ಇಳಿಸಲಾಯಿತು. ಡ್ರಾ ಆಗಿದ್ದರೂ ಲೀಗ್ ಬರುತ್ತಿತ್ತು, 2–1ರಿಂದ ಸೋತಿತು. 1973ರಲ್ಲಿ ಗ್ರೀಸ್‌ನ ಸಲೋನಿಕಾದಲ್ಲಿ ಎಸಿ ಮಿಲಾನ್ ಎದುರು ಲೀಡ್ಸ್ ಸೋತ ಕಪ್ ವಿನ್ನರ್ಸ್ ಕಪ್ ಫೈನಲ್ ನಡೆಸಿದ ರೆಫರಿ ಮಿಖಾಸ್ ಅವರನ್ನು ನಂತರ ನಿಷೇಧಿಸಲಾಯಿತು; ಫಲಿತಾಂಶ ಹಾಗೇ ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇವರಷ್ಟು ಅನುಭವಿಸಿದ ತಂಡ ಕಡಿಮೆ. ಅಷ್ಟಾದ ಮೇಲೂ ಪ್ರತಿ ಆಗಸ್ಟ್‌ನಲ್ಲಿ ಅದೇ ಹುಡುಗರನ್ನು ಎಬ್ಬಿಸಿ ಮತ್ತೆ ಮೇಲಕ್ಕೆ ಕೊಂಡೊಯ್ದರಲ್ಲ, ಕಪ್ ಎಣಿಸಿದರೆ ಅದು ಕಾಣುವುದಿಲ್ಲ.

1972ರ ಮಾರ್ಚ್ 4ರಂದು ಸೌತಾಂಪ್ಟನ್ ವಿರುದ್ಧ 7–0 ಗೆದ್ದ ಪಂದ್ಯದ ಚಿತ್ರೀಕರಣ ಇಂದಿಗೂ ನೋಡಸಿಗುತ್ತದೆ. ಏಳನೇ ಗೋಲಿನ ನಂತರ ಚೆಂಡು ಬಿಳಿ ಅಂಗಿಯಿಂದ ಬಿಳಿ ಅಂಗಿಗೆ ಹೋಗುತ್ತದೆ, ಹಿಮ್ಮಡಿಯಿಂದ, ಪಾದದ ಹೊರಬದಿಯಿಂದ. ಎದುರಾಳಿಗೆ ಮುಟ್ಟಲೂ ಸಿಗುವುದಿಲ್ಲ. ಪ್ರತಿ ಪಾಸಿಗೂ ಜನ ‘ಓಲೆ’ ಎನ್ನುತ್ತಾರೆ. ಈ ಆಟವನ್ನು ಕಲಿಸಿದ್ದು ರೆವಿ.

ಸೋಲಲು ಎದುರಾಳಿಗಳಿಗೆ ಹಣದ ಆಮಿಷ ಒಡ್ಡಿದರು ಎಂಬ ಲಂಚದ ಆರೋಪಗಳನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. 1977ರಲ್ಲಿ ಪತ್ರಿಕೆಗಳು ಬರೆದವು, ಕೆಲವರು ಹೇಳಿಕೆ ಕೊಟ್ಟರು. ಯಾವ ನ್ಯಾಯಾಲಯದಲ್ಲೂ ರೆವಿ ಮೇಲಿನ ಆರೋಪ ಸಾಬೀತಾಗಲಿಲ್ಲ. ವುಲ್ವ್ಸ್ ಪಂದ್ಯದ ಬಗ್ಗೆ ತಮ್ಮ ಮೇಲೆ ಬರೆದ ಪತ್ರಿಕೆಯನ್ನು ಬ್ರೆಮ್ನರ್ ನ್ಯಾಯಾಲಯಕ್ಕೆ ಎಳೆದು 1982ರಲ್ಲಿ 1,00,000 ಪೌಂಡ್ ಪರಿಹಾರ ಪಡೆದರು. ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿ ರೆವಿ ಗೆಲ್ಲಲಿಲ್ಲ, ಒಪ್ಪುತ್ತೇನೆ. ಆದರೆ ಅವರು ದಿನಾ ಜೊತೆಗಿದ್ದು ಬೆಳೆಸುವ ಮನುಷ್ಯ. ವರ್ಷಕ್ಕೆ ಹತ್ತು ದಿನ ಸಿಗುವ ಆಟಗಾರರ ಮೇಲೆ ಆ ವಿದ್ಯೆ ನಡೆಯುವುದಿಲ್ಲ. ಆ ಹುದ್ದೆಯನ್ನು ನಡುವೆಯೇ ಬಿಟ್ಟುಹೋದ ಸಿಟ್ಟನ್ನು ಇಂಗ್ಲೆಂಡಿನ ಆಟವನ್ನು ನಡೆಸುವ ಫುಟ್‌ಬಾಲ್ ಅಸೋಸಿಯೇಷನ್ ಅವರ ಸಾವಿನವರೆಗೂ ಬಿಡಲಿಲ್ಲ. ನರಗಳು ಕ್ಷೀಣಿಸುವ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದ ರೆವಿ 1989ರ ಮೇ 26ರಂದು ಎಡಿನ್‌ಬರೋದಲ್ಲಿ ತೀರಿಕೊಂಡಾಗ, ಅಂತ್ಯಕ್ರಿಯೆಗೆ ಆ ಸಂಸ್ಥೆಯಿಂದ ಪ್ರತಿನಿಧಿ ಬರಲಿಲ್ಲ. ಆಟಗಾರರು ಬಂದರು. ಹದಿನೈದರ ವಯಸ್ಸಿನಲ್ಲಿ ಅವರ ಕೈಗೆ ಸಿಕ್ಕಿದ್ದವರು, ಈಗ ತಲೆ ನರೆತವರು. ಯಾರ ತೀರ್ಪಿಗೆ ಬೆಲೆ ಕೊಡಬೇಕೆಂದರೆ ನಾನು ಅವರದಕ್ಕೇ ಕೊಡುತ್ತೇನೆ.

ವಿರೋಧ: ಅಷ್ಟು ಒಳ್ಳೆಯ ತಂಡಕ್ಕೆ ಅಷ್ಟು ಭಯ ಏಕೆ?

ಮೇಲೆ ಹೇಳಿದ ಸಂಗತಿಗಳಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಸೌತಾಂಪ್ಟನ್ ಪಂದ್ಯವನ್ನು ನಾನೂ ಮತ್ತೆ ಮತ್ತೆ ನೋಡಿದ್ದೇನೆ. ಅದನ್ನು ನೋಡಿದಷ್ಟೂ ನನ್ನ ದೂರು ಗಟ್ಟಿಯಾಗುತ್ತದೆ. ಹೀಗೆ ಆಡಬಲ್ಲವರಿಗೆ ಎದುರಾಳಿಯ ಮೊಣಕಾಲಿಗೆ ಒದೆಯುವುದನ್ನು ಏಕೆ ಕಲಿಸಬೇಕಿತ್ತು?

1964ರ ನವೆಂಬರ್ 7, ಎವರ್ಟನ್‌ನ ಗುಡಿಸನ್ ಪಾರ್ಕ್. ನಾಲ್ಕನೇ ನಿಮಿಷಕ್ಕೇ ಒಬ್ಬ ಆಟಗಾರ ಹೊರಗೆ. ಅರ್ಧ ಗಂಟೆ ದಾಟುವಷ್ಟರಲ್ಲಿ ಎರಡೂ ಕಡೆಯವರು ಪರಸ್ಪರ ಹಾರಿಬೀಳುವುದು ಎಷ್ಟು ವಿಪರೀತಕ್ಕೆ ಹೋಯಿತೆಂದರೆ ರೆಫರಿ ಕೆನ್ ಸ್ಟೋಕ್ಸ್ ಎರಡು ತಂಡಗಳನ್ನೂ ಮೈದಾನದಿಂದ ಒಳಗೆ ಕಳುಹಿಸಿ ತಣ್ಣಗಾಗಲು ಹತ್ತು ನಿಮಿಷ ಕೊಡಬೇಕಾಯಿತು. ಮೊದಲು ಹೊರಹೋದವರು ಎವರ್ಟನ್ನಿನವರು ಎಂಬುದು ನಿಜ. ಎರಡೂ ಕೈ ಸೇರಿದರೆ ತಾನೇ ಚಪ್ಪಾಳೆ ಎಂಬುದೂ ನಿಜ. ಆದರೆ ಅದೇ ವರ್ಷ ಫುಟ್‌ಬಾಲ್ ಅಸೋಸಿಯೇಷನ್ನಿನ ಪತ್ರಿಕೆ ಶಿಸ್ತಿನ ವಿಷಯದಲ್ಲಿ ಅತಿ ಕೆಟ್ಟ ದಾಖಲೆಯ ಕ್ಲಬ್ ಎಂದು ಹೆಸರಿಸಿದ್ದು ಲೀಡ್ಸನ್ನೇ. ಆ ಪಟ್ಟಿಯಲ್ಲಿ ಕಿರಿಯರ ತಂಡಗಳ ತಪ್ಪುಗಳೂ ಸೇರಿದ್ದವು, ಆದ್ದರಿಂದ ಅದು ಅನ್ಯಾಯ ಎಂದು ರೆವಿ ವಾದಿಸಿದರು. ನನಗೆ ಅದು ಸಮಾಧಾನದ ಮಾತಾಗಿ ಕೇಳುವುದಿಲ್ಲ. ಹದಿಹರೆಯದ ಹುಡುಗರೂ ಹೀಗೆಯೇ ಆಡುತ್ತಿದ್ದರೆ ಅವರು ಅದನ್ನು ಯಾರಿಂದ ಕಲಿತರು?

1966ರ ಆಗಸ್ಟ್‌ನ ಒಂದು ಛಾಯಾಚಿತ್ರವಿದೆ. ಟಾಟನ್‌ಹ್ಯಾಮ್‌ನ ಡೇವ್ ಮಕಾಯ್, ಬ್ರೆಮ್ನರ್ ಅವರ ಅಂಗಿಯ ಎದೆಭಾಗವನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿದ್ದಾರೆ. ಬ್ರೆಮ್ನರ್ ಎರಡೂ ಕೈ ಅಗಲಿಸಿ ನಾನೇನು ಮಾಡಿದೆ ಎಂಬಂತೆ ಮುಖ ಮಾಡಿದ್ದಾರೆ. ಮಕಾಯ್ ಆಗಷ್ಟೇ ಎರಡು ಬಾರಿ ಕಾಲು ಮುರಿದುಕೊಂಡು ಮರಳಿದ್ದರು. ಬ್ರೆಮ್ನರ್ ಒದ್ದದ್ದು ಆ ಕಾಲಿಗೇ. ಮೂರು ಕಡೆ ಕಾಲು ಮುರಿದ ನೋವನ್ನು ಸ್ವತಃ ಉಂಡಿದ್ದ ಮ್ಯಾನೇಜರ್, ತಮ್ಮ ನಾಯಕನಿಗೆ ಈ ಒಂದು ವಿಷಯದಲ್ಲಾದರೂ ಗೆರೆ ಎಳೆಯಬಹುದಿತ್ತು. ರೆವಿ ಆಟಗಾರರಿಗೆ ಊಟದ ಮೇಜಿನ ಶಿಷ್ಟಾಚಾರದವರೆಗೆ ಎಲ್ಲವನ್ನೂ ಕಲಿಸಿದವರು. ಸಾಬೂನು ಹಚ್ಚಿ ಕಾಲು ನೀವಿದ ಕೈ ಇಷ್ಟನ್ನೂ ತಿದ್ದಬಲ್ಲದಾಗಿತ್ತು. ತಿದ್ದಲಿಲ್ಲ, ಏಕೆಂದರೆ ಅದರಿಂದ ಪಂದ್ಯ ಗೆಲ್ಲುತ್ತಿತ್ತು.

ಪರವಾಗಿ ಬರೆದವರು ರೆವಿಯವರ ಭಯವನ್ನು ಆರೈಕೆಯ ತಾಯಿಬೇರಾಗಿ ಕಂಡಿದ್ದಾರೆ. ಮನುಷ್ಯನಾಗಿ ಆ ಭಯದ ಬಗ್ಗೆ ನನಗೂ ಮರುಕವಿದೆ. ಆದರೆ ತಂಡದ ಮೇಲೆ ಅದು ಏನು ಮಾಡಿತು ಎಂದು ನೋಡೋಣ. ಎದುರಾಳಿ ಎಷ್ಟೇ ಸಣ್ಣವರಿರಲಿ, ಪ್ರತಿ ಪಂದ್ಯಕ್ಕೂ ಮುನ್ನ ಸಿಡ್ ಓವನ್ ಮುಂತಾದ ಸಹಾಯಕರು ಸಿದ್ಧಪಡಿಸಿದ ಪುಟಗಟ್ಟಲೆ ವರದಿಯನ್ನು ಆಟಗಾರರ ಮುಂದೆ ಓದಲಾಗುತ್ತಿತ್ತು: ಅವನ ಎಡಗಾಲು ಹೀಗೆ, ಇವನ ತಲೆಹೊಡೆತ ಹಾಗೆ. ಮೊದಲ ವರ್ಷಗಳಲ್ಲಿ ಇದು ಹೊಸದು, ಉಪಯುಕ್ತವೂ ಹೌದು. ಯುರೋಪಿನ ಯಾವ ತಂಡಕ್ಕೂ ಅಂಜಬೇಕಿಲ್ಲದ ಆಟಗಾರರಿಗೆ ಹತ್ತು ವರ್ಷದ ಮೇಲೂ ಎದುರಾಳಿಯ ಶಕ್ತಿಯನ್ನೇ ಎಣಿಸಿ ಹೇಳುತ್ತಾ ಕೂತರೆ ಅವರು ತಮ್ಮ ಶಕ್ತಿಯನ್ನು ನಂಬುವುದು ಹೇಗೆ? ಇದರ ಜೊತೆಗೆ ಅದೃಷ್ಟದ ನೀಲಿ ಸೂಟು, ಪಂದ್ಯದ ದಿನ ಒಂದೇ ದಾರಿಯಲ್ಲಿ ನಡೆದು ಒಂದೇ ಕಂಬದವರೆಗೆ ಹೋಗಿ ಮರಳುವುದು, ಮೈದಾನಕ್ಕೆ ಶಾಪವಿದೆ ಎಂದು ಜಿಪ್ಸಿ ಹೆಂಗಸನ್ನು ಕರೆಸಿ ಬಿಡಿಸುವುದು. ನಮ್ಮಲ್ಲೂ ಇಂಥ ನಂಬಿಕೆಗಳಿಗೆ ಬರವಿಲ್ಲ, ಆದ್ದರಿಂದ ಹಂಗಿಸುವುದು ನನ್ನ ಉದ್ದೇಶವಲ್ಲ. ಮುಖ್ಯಸ್ಥರೇ ಸೋಲಿನ ನೆರಳನ್ನು ಕಂಡಲ್ಲೆಲ್ಲ ಬೆಚ್ಚುತ್ತಿದ್ದರೆ ಹುಡುಗರ ಕಾಲಿಗೂ ಆ ನಡುಕ ಇಳಿಯುತ್ತದೆ, ಅಷ್ಟೇ ನನ್ನ ಮಾತು.

ಇಳಿಯಿತು ಎನ್ನಲು 1973ರ ಮೇ 5 ಸಾಕು. ವೆಂಬ್ಲಿಯಲ್ಲಿ ಎದುರಿಗಿದ್ದದ್ದು ಎರಡನೇ ದರ್ಜೆಯ ಸಂಡರ್‌ಲ್ಯಾಂಡ್. ಇಯನ್ ಪೋರ್ಟರ್‌ಫೀಲ್ಡ್ ಗೋಲು ಹೊಡೆದರು. ಸಂಡರ್‌ಲ್ಯಾಂಡ್ ಗೋಲ್‌ಕೀಪರ್ ಜಿಮ್ ಮಾಂಟ್‌ಗಮರಿ ಲೀಡ್ಸ್‌ನ ಟ್ರೆವರ್ ಚೆರಿಯವರ ತಲೆಹೊಡೆತವನ್ನೂ, ಬೆನ್ನಲ್ಲೇ ಲಾರಿಮರ್ ಅವರ ಸಿಡಿಲಿನಂಥ ಹೊಡೆತವನ್ನೂ ತಡೆದರು. 1–0. ಇದಕ್ಕೆ ರೆಫರಿಯನ್ನು ದೂರುವಂತಿಲ್ಲ, ವೇಳಾಪಟ್ಟಿಯನ್ನೂ ದೂರುವಂತಿಲ್ಲ. ಟಿಂಕ್ಲರ್ ತೀರ್ಪು, ಸೋಮವಾರದ ಪಂದ್ಯ, ಸಲೋನಿಕಾ, ಇವೆಲ್ಲ ನಿಜವಾದ ಅನ್ಯಾಯಗಳು. ಆದರೆ ಐದು ಬಾರಿ ದ್ವಿತೀಯ, ಹತ್ತು ವರ್ಷಗಳಲ್ಲಿ ಮೂರು ಎಫ್‌ಎ ಕಪ್ ಫೈನಲ್ ಸೋಲು, ಇಷ್ಟಕ್ಕೂ ಹಣೆಬರಹವೇ ಕಾರಣ ಎನ್ನಲು ಆಗದು.

ಸ್ಟೀನ್ ಜೊತೆಗೆ ಹೋಲಿಸಬೇಕೆಂದರೆ ಹೋಲಿಸಲು ದಾಖಲೆಯೇ ಇದೆ. 1970ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಸ್ಟೀನ್ ಅವರ ಸೆಲ್ಟಿಕ್, ಲೀಡ್ಸನ್ನು ಎರಡು ಬಾರಿ ಎದುರಿಸಿತು. ಲೀಡ್ಸ್‌ನ ಸ್ವಂತ ಮೈದಾನ ಎಲ್ಲೆಂಡ್ ರೋಡ್‌ನಲ್ಲಿ 1–0, ಗ್ಲಾಸ್ಗೋದ ಹ್ಯಾಂಪ್ಡನ್‌ನಲ್ಲಿ 1,36,505 ಜನರ ಮುಂದೆ 2–1. ಎರಡೂ ಸೆಲ್ಟಿಕ್ ಗೆಲುವು. ಲೀಡ್ಸ್ ದಣಿದಿತ್ತು, ಒಪ್ಪೋಣ. ಆದರೆ ಬಡ ಊರು, ಹಣವಿಲ್ಲದ ಕ್ಲಬ್, ಸ್ವಂತ ಹುಡುಗರು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಸ್ಟೀನ್ ಗಣಿ ಕಾರ್ಮಿಕರಾಗಿದ್ದವರು. 1967ರಲ್ಲಿ ಯುರೋಪ್ ಗೆದ್ದ ಅವರ ಹನ್ನೊಂದು ಮಂದಿಯೂ ಗ್ಲಾಸ್ಗೋದಿಂದ ಮೂವತ್ತು ಮೈಲಿಯ ಒಳಗೆ ಹುಟ್ಟಿದವರು. ಅವರು ಭಯವಿಲ್ಲದೆ, ಮುನ್ನುಗ್ಗಿ ಆಡಿ ಗೆದ್ದರು. ಶ್ಯಾಂಕ್ಲಿ ಕೂಡ ಗಣಿ ಹಳ್ಳಿಯವರು. ಎರಡನೇ ದರ್ಜೆಯಲ್ಲಿದ್ದ ಲಿವರ್‌ಪೂಲನ್ನು ಮೇಲಕ್ಕೆತ್ತಿ, ಬಿಟ್ಟುಹೋದಾಗ ಹತ್ತಾರು ವರ್ಷ ಬಾಳುವ ವ್ಯವಸ್ಥೆಯನ್ನು ಬಿಟ್ಟುಹೋದರು. 1974ರಲ್ಲಿ ರೆವಿ ಬಿಟ್ಟುಹೋದಾಗ ಜೈಲ್ಸ್‌ಗೆ ಮೂವತ್ತಮೂರು, ಬ್ರೆಮ್ನರ್‌ಗೆ ಮೂವತ್ತೊಂದು, ಹಂಟರ್‌ಗೆ ಮೂವತ್ತು. ಮಕ್ಕಳಂತೆ ಸಾಕಿದವರನ್ನು ತೆಗೆಯಲು ಮನಸ್ಸಾಗದೆ ಅವರ ಜಾಗಕ್ಕೆ ಹೊಸಬರನ್ನು ತರುವುದು ತಡವಾಯಿತು. ಆ ಪ್ರೀತಿ ದೊಡ್ಡದು, ಆದರೆ ಕ್ಲಬ್ಬಿಗೆ ಅದು ದುಬಾರಿಯಾಯಿತು. 1982ರಲ್ಲಿ ಲೀಡ್ಸ್ ಮತ್ತೆ ಎರಡನೇ ದರ್ಜೆಗೆ ಬಿತ್ತು.

ರೆವಿ ನಂತರ ಲೀಡ್ಸ್ ಮ್ಯಾನೇಜರ್ ಆಗಿ ಬಂದ ಬ್ರಯಾನ್ ಕ್ಲಫ್ ಅಲ್ಲಿ ಇದ್ದದ್ದು ನಲವತ್ತನಾಲ್ಕೇ ದಿನ ಎಂಬುದು ಎಲ್ಲರಿಗೂ ಗೊತ್ತು. ಆ ಕೋಪಿಷ್ಠನ ನಡತೆಯನ್ನು ನಾನು ಸಮರ್ಥಿಸುವುದಿಲ್ಲ. ಅವರನ್ನು ಕೆಲಸದಿಂದ ತೆಗೆದ 1974ರ ಸೆಪ್ಟೆಂಬರ್ 12ರ ಸಂಜೆ ಯಾರ್ಕ್‌ಷೈರ್ ಟೆಲಿವಿಷನ್ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿತು. ಲೀಗ್ ಗೆಲ್ಲಬೇಕೆಂದಿದ್ದೆ, ನೀವು ಗೆದ್ದದ್ದಕ್ಕಿಂತ ಚೆನ್ನಾಗಿ ಗೆಲ್ಲಬೇಕೆಂದಿದ್ದೆ ಎಂದರು ಕ್ಲಫ್. ಅದು ಸಾಧ್ಯವೇ ಇಲ್ಲ, ನಾವು ಸೋತದ್ದೇ ನಾಲ್ಕು ಪಂದ್ಯ ಎಂದರು ರೆವಿ. ಲೀಗ್ ಗೆದ್ದ 1973–74ರ ಋತುವಿನ ನಲವತ್ತೆರಡು ಪಂದ್ಯಗಳಲ್ಲಿ ನಾಲ್ಕು ಸೋಲು, ಮೊದಲ ಇಪ್ಪತ್ತೊಂಬತ್ತರಲ್ಲಿ ಒಂದೂ ಇಲ್ಲ, ಅದ್ಭುತ ದಾಖಲೆ. ಆದರೆ ‘ಚೆನ್ನಾಗಿ’ ಎಂದಾಗ ಅವರ ಮನಸ್ಸು ನೇರವಾಗಿ ಹೋದದ್ದು ಸೋಲಿನ ಸಂಖ್ಯೆಗೆ. ಆ ಗಳಿಗೆಯಲ್ಲಿ ಅವರ ಮುಖದ ಮೇಲಿದ್ದ ಅಚ್ಚರಿ ನಟನೆಯಲ್ಲ.

ಲಂಚದ ಆರೋಪ ಸಾಬೀತಾಗಿಲ್ಲ. ಆದ್ದರಿಂದ ಅದನ್ನು ನನ್ನ ವಾದಕ್ಕೆ ಬಳಸುವುದಿಲ್ಲ. ಇಂಗ್ಲೆಂಡ್ ತಂಡದ ವಿಷಯವನ್ನು ಮಾತ್ರ ಬಿಡಲಾರೆ. ಕ್ಲಬ್ ಮ್ಯಾನೇಜರ್ ಆಗಿ ಅಳೆಯಿರಿ, ದೇಶದ ತಂಡವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎನ್ನುವುದು ಸರಿಯಲ್ಲ. ಲೀಡ್ಸ್‌ನಲ್ಲಿ ಪ್ರೀತಿಯಿಂದ ಮುಚ್ಚಿಹೋಗಿದ್ದ ದೋಷ ಅಲ್ಲಿ ಬರಿಗಣ್ಣಿಗೆ ಕಂಡಿತು. ಮೂರು ವರ್ಷದಲ್ಲಿ 29 ಪಂದ್ಯಗಳಿಗೆ ಐವತ್ತಕ್ಕೂ ಹೆಚ್ಚು ಆಟಗಾರರು. ಯಾರ ಮೇಲೂ ನಂಬಿಕೆ ನಿಲ್ಲಲಿಲ್ಲ. ಹೋಟೆಲಿನಲ್ಲಿ ಸಂಜೆ ಬಿಂಗೊ ಮತ್ತು ಕಾರ್ಪೆಟ್ ಬೌಲ್ಸ್, ಜೊತೆಗೆ ಅದೇ ದಪ್ಪ ವರದಿಗಳು. ಲೀಡ್ಸ್ ಹುಡುಗರಿಗೆ ಮನೆಯಂತಿದ್ದದ್ದು ಬೇರೆ ಕ್ಲಬ್ಬುಗಳ ದೊಡ್ಡವರಿಗೆ ಮಕ್ಕಳಾಟವಾಗಿ ಕಂಡಿತು. 1976ರ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಅರ್ಹತೆ ತಪ್ಪಿತು. 1976ರ ನವೆಂಬರಿನಲ್ಲಿ ರೋಮ್‌ನಲ್ಲಿ ಇಟಲಿ ಎದುರು 2–0 ಸೋತ ಮೇಲೆ ವಿಶ್ವಕಪ್ ದಾರಿಯೂ ಕಿರಿದಾಯಿತು.

ಆಮೇಲೆ ಅವರು ಮಾಡಿದ್ದು ಇದು. 1977ರ ಜೂನ್‌ನಲ್ಲಿ ತಂಡ ದಕ್ಷಿಣ ಅಮೆರಿಕ ಪ್ರವಾಸಕ್ಕೆ ಹೊರಟಿತು. ಫಿನ್ಲೆಂಡ್–ಇಟಲಿ ಪಂದ್ಯ ನೋಡಿಕೊಂಡು ಆಮೇಲೆ ಸೇರಿಕೊಳ್ಳುತ್ತೇನೆ ಎಂದು ಹೇಳಿದ ರೆವಿ, ನಡುವೆ ದುಬೈಗೆ ಹೋಗಿ ಯುನೈಟೆಡ್ ಅರಬ್ ಎಮಿರೇಟ್ಸ್ ತಂಡದ ಹುದ್ದೆಗೆ ಮಾತುಕತೆ ನಡೆಸಿದರು. ಬ್ರೆಜಿಲ್ ಎದುರು ಇಂಗ್ಲೆಂಡನ್ನು ನಡೆಸಿದ್ದು ಅವರ ಸಹಾಯಕ ಲೆಸ್ ಕಾಕರ್. ಜುಲೈನಲ್ಲಿ ರಾಜೀನಾಮೆಯ ಸುದ್ದಿಯನ್ನು ದೇಶ ಮೊದಲು ಓದಿದ್ದು ಡೈಲಿ ಮೇಲ್ ಪತ್ರಿಕೆಯಲ್ಲಿ. ಕೆಲಸ ಕೊಟ್ಟವರ ಕೈಗೆ ಪತ್ರ ತಲುಪಿದ್ದು ಆಮೇಲೆ. ನಾಲ್ಕು ವರ್ಷಕ್ಕೆ 3,40,000 ಪೌಂಡಿನ ಒಪ್ಪಂದ. ತಮ್ಮನ್ನು ಹೇಗೂ ತೆಗೆಯುತ್ತಾರೆ ಎಂದು ಅವರು ನಂಬಿದ್ದರು. ಫುಟ್‌ಬಾಲ್ ಅಸೋಸಿಯೇಷನ್ ವಿಧಿಸಿದ ಹತ್ತು ವರ್ಷದ ನಿಷೇಧವನ್ನು 1979ರಲ್ಲಿ ಹೈಕೋರ್ಟ್ ರದ್ದುಮಾಡಿತು. ಅದು ನ್ಯಾಯವೇ. ಆದರೆ ಅವರ ಪರ ತೀರ್ಪು ಕೊಟ್ಟ ನ್ಯಾಯಾಧೀಶರಾದ ಕ್ಯಾಂಟ್ಲಿಯವರೇ ಅವರ ನಡವಳಿಕೆಯಲ್ಲಿ ನಿಷ್ಠೆಯ ಕೊರತೆ, ಕರ್ತವ್ಯಲೋಪ, ಸ್ವಾರ್ಥ ಇವೆಲ್ಲ ಇದ್ದವೆಂದು ಕಟುವಾಗಿ ಹೇಳಿದರು.

ರೆವಿ ಹೊರಟಾಗ ಇಂಗ್ಲೆಂಡಿಗೆ ಎರಡು ಅರ್ಹತಾ ಪಂದ್ಯ ಬಾಕಿ ಇದ್ದವು. ರಾನ್ ಗ್ರೀನ್‌ವುಡ್ ಅವರ ಕೈಯಲ್ಲಿ ತಂಡ ಅಕ್ಟೋಬರಿನಲ್ಲಿ ಲಕ್ಸೆಂಬರ್ಗನ್ನು 2–0, ನವೆಂಬರಿನಲ್ಲಿ ವೆಂಬ್ಲಿಗೆ ಬಂದ ಇಟಲಿಯನ್ನು 2–0 ಸೋಲಿಸಿತು. ಎರಡು ದೇಶಗಳ ಅಂಕಗಳೂ ಸಮವಾದವು. ಗೋಲುಗಳ ಅಂತರದಲ್ಲಿ ಇಟಲಿ ವಿಶ್ವಕಪ್‌ಗೆ ಅರ್ಜೆಂಟೀನಾಕ್ಕೆ ಹೋಯಿತು. ಎಲ್ಲ ಮುಗಿದುಹೋಯಿತು ಎಂದು ರೆವಿ ನಂಬಿ ದುಬೈಗೆ ಹೋದ ದಿನ, ಮುಗಿದಿರಲಿಲ್ಲ.